ಚಿಕ್ಕತಾಯವ್ವನ ಎಡೆ ಮುಂದೆ ಓದಿದ ಎಮ್ಮೆ ಕತೆ

ಸಾವಿರದ ಒಂಬೈನೂರ ಐವತ್ತೈದನೇ ಇಸವಿ. ಹುಣಸೂರು ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಸಣ್ಣ ಪ್ರೆಸ್ಸಲ್ಲಿ ನಾನು ಕಂಪೋಸಿಟರ್. ಈಗ ಐವತ್ತೆಂಟನೇ ಇಸವಿ, ಈಗಲೂ ಅಲ್ಲೇ ಇದೀನಿ. ಕಂಪೋಸಿಟರ್ ಅಂದ್ರೆ ಏನು ಅಂತ ಗೊತ್ತಿಲ್ದೋರಿಗೆ ಹೇಳ್ಬುಡ್ತೀನಿ. ಸೀಸದ ಮೊಳೆ ಅಂತ ಇರ್ತವೆ, ಒಂದೊಂದು ಮೊಳೆ ತಲೆ ಮೇಲೆ ಒಂದೊಂದು ಅಕ್ಷರ, ಕನ್ನಡೀಲಿ ಕಂಡಂಗೆ ತಿರುಗಾಮುರುಗಾ. ಮರದ ಕೇಸಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಮನೆ. ಎಡಗೈಲಿ ಸ್ಟಿಕ್ ಅನ್ನೋ ತಗಡಿನ ಪಟ್ಟಿ ಹಿಡ್ಕೊಂಡು, ಬಲಗೈಲಿ ಮೊಳೆ ಆರಿಸಿ ಆರಿಸಿ ಸಾಲು ಮಾಡ್ಬೇಕು. ಸಾಲು ಸೇರಿ ಪುಟ ಆಗ್ತದೆ, ಪುಟ ಮಿಷಿನ್ನಿಗೆ ಹೋಗ್ತದೆ. ಅಚ್ಚಾದ ಮೇಲೆ ಸೀಮೆಎಣ್ಣೇಲಿ ತೊಳೆದು ಮೊಳೆನೆಲ್ಲ ಮತ್ತೆ ಅವರವರ ಮನೆಗೆ ಸೇರಿಸ್ಬೇಕು.

ನಂಗೆ ಬರೆಯೋದನ್ನ ಯಾರೂ ಹೇಳ್ಕೊಟ್ಟಿಲ್ಲ. ಮಿಡ್ಲ್ ಸ್ಕೂಲ್ ಬಿಟ್ಟು ಕೆಲಸಕ್ಕೆ ಸೇರಿದೋನು, ಕೈಗೆ ಬಂದಿದ್ದನ್ನ ಜೋಡಿಸ್ತಾ ಜೋಡಿಸ್ತಾ ಕಲ್ತೆ. ಇದನ್ನೂ ಅಷ್ಟೇ, ಕಾಗದದ ಮೇಲೆ ಬರ್ದಿಲ್ಲ. ಬಾಯಲ್ಲಿ ಹೇಳ್ಕೊಂಡು ಹೇಳ್ಕೊಂಡು ಸೀದಾ ಸ್ಟಿಕ್ಕಿಗೆ ಮೊಳೆ ಹಾಕ್ತಾ ಇದೀನಿ. ಅದಕ್ಕೇ ಮಾತಾಡ್ದಂಗೆ ಬತ್ತಾ ಅದೆ, ಬೈಕೋಬೇಡಿ.

ಪ್ರೆಸ್ಸಿನ ಕೆಲಸದಲ್ಲಿ ಒಂದು ಕೊರಗು ಇರ್ತದೆ. ನಾನು ಜೋಡಿಸ್ದಷ್ಟು ಹೆಸರು ಈ ತಾಲ್ಲೂಕಲ್ಲಿ ಇನ್ಯಾರೂ ಜೋಡಿಸಿರಲ್ಲ. ಮದುವೆ ಗಂಡಿನ ಹೆಸರು, ಕುಸ್ತಿ ಪೈಲ್ವಾನರ ಹೆಸರು, ನಾಟಕದೋರ ಹೆಸರು, ತೀರ್ಕೊಂಡೋರ ಹೆಸರು. ನಿಂಗರಾಜು ಅನ್ನೋ ನನ್ನ ಹೆಸರು ಮಾತ್ರ ಯಾವ ಪುಸ್ತಕದ ಕವರ್ ಮೇಲೂ ಇಲ್ಲ. ಆಗ ನಂಗೆ ಹಗಲೂ ರಾತ್ರಿ ಇದ್ದಿದ್ದು ಅದೊಂದೇ ಆಸೆ. ನಾನೊಂದು ಕತೆ ಬರೀಬೇಕು, ಅದು ಪುಸ್ತಕ ಆಗ್ಬೇಕು, ಕವರಿಗೆ ನನ್ನ ಹೆಸರನ್ನ ದಪ್ಪ ಮೊಳೇಲಿ ನಾನೇ ಜೋಡಿಸ್ಬೇಕು.

ಆ ವರ್ಷ ಮಳೆ ಹಿಡಿಯೋ ಹೊತ್ಗೆ ಗಾವಡಗೆರೆ ಕಡೆಯ ಸಣ್ಣೇಗೌಡ್ರು ಪ್ರೆಸ್ಸಿಗೆ ಬಂದ್ರು. ಹೊಗೆಸೊಪ್ಪಿನ ವ್ಯಾಪಾರದೋರು, ದೊಡ್ಡ ದನಿ, ದೊಡ್ಡ ಮೀಸೆ. ಅವರ ತಾಯಿ ಚಿಕ್ಕತಾಯವ್ವ ಹಿಂದಿನ ವರ್ಷ ತೀರ್ಕೊಂಡಿದ್ರು. ಒಂದು ನೋಟೀಸ್ ಅಚ್ಚಾಕಿಸ್ಬೇಕಿತ್ತು ಅವ್ರಿಗೆ. ಏನು ನೋಟೀಸ್ ಅಂತ ಕೇಳಿದ್ದಕ್ಕೆ ಸ್ಟೂಲ್ ಎಳ್ಕೊಂಡು ಕೂತೇ ಬಿಟ್ರು.

"ನಮ್ಮವ್ವಂಗೆ ಓದಾಕ್ ಬತ್ತಿರ್ಲಿಲ್ಲ ಕಣಪ್ಪ. ಆದ್ರೆ ಕತೆ ಅಂದ್ರೆ ಪ್ರಾಣ. ಬಳೆಗಾರ ಬಂದ್ರೆ ಬಳೆ ಆಮೇಲೆ, ಮೊದ್ಲು ಕತೆ ಹೇಳು ಅನ್ನೋಳು. ಕೇಳಿದ್ದನ್ನೇ ಹೇಳುದ್ರೆ ಮಜ್ಜಿಗೆ ಕೊಟ್ಟು ಸಾಗಾಕೋಳು. ಹೊಸದು ಹೇಳುದ್ರೆ ಊಟ ಹಾಕಿ, ಮಡ್ಲಿಗೆ ರಾಗಿನೂ ಹುಯ್ಯೋಳು. ಪಕ್ಷದ ಹಬ್ಬಕ್ಕೆ ಅವಳಿಗಿಷ್ಟವಾದ್ದೆಲ್ಲ ಎಡೆಗೆ ಇಡ್ಬೇಕಲ್ಲ? ಕೋಳಿ ಸಾರು ಇಡ್ತೀನಿ, ಕಜ್ಜಾಯ ಇಡ್ತೀನಿ, ಎಲೆ ಅಡಿಕೆ ಕಡ್ಡಿಪುಡಿ ಇಡ್ತೀನಿ. ಕತೆ ಬ್ಯಾಡ್ವಾ?"

ನಮ್ಮ ಕಡೆ ಪಕ್ಷದ ಹಬ್ಬ ಅಂದ್ರೆ ಹಿರಿಯರಿಗೆ ಎಡೆ ಇಡೋದು. ನಡುಮನೇಲಿ ಸತ್ತೋರ ಹೆಸರಲ್ಲಿ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಟ್ಟು ತಿಂತಿದ್ದಿದ್ದನ್ನೆಲ್ಲ ಬಾಳೆಲೆ ಮೇಲೆ ಬಡಿಸಿ, ಎಲ್ಲಾರೂ ಆಚೆ ಬಂದು ಬಾಗಿಲು ಹಾಕ್ಬುಡ್ತಾರೆ. ಆಗ ಹಿರಿಯರು ಬಂದು ಉಣ್ತಾರೆ ಅಂತ ನಂಬಿಕೆ. ಒಂದಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗ್ತಾರೆ. ಆಮೇಲೇ ಬದುಕಿರೋರ ಊಟ.

ಗೌಡ್ರ ಯೋಚನೆ ಏನಪ್ಪಾ ಅಂದ್ರೆ, ಬಾಗಿಲು ಹಾಕಿದಾಗ ಕತೆ ಬರ್ದೋನು ಒಬ್ನೇ ಒಳಗೆ ಕೂತು ಅವ್ವಂಗೆ ಒಂದು ಹೊಸ ಕತೆ ಓದ್ಬೇಕು. ಆ ಕತೆ ಪುಸ್ತಕ ಆಗಿ, ಊಟಕ್ಕೆ ಬಂದೋರಿಗೆಲ್ಲ ತಾಂಬೂಲದ ಜೊತೆ ಸಿಗ್ಬೇಕು. ಪ್ರತಿ ವರ್ಷ ಒಂದು. ಹೆಸರು ಮಾಡಿದ ಸಾಹಿತಿಗಳ ಕತೆ ಬೇಡವೇ ಬೇಡ. "ಅವರ್ದೆಲ್ಲ ಯಾರಾದ್ರೂ ಕೇಳಿರ್ತಾರೆ. ಅವ್ವಂಗೆ ಹೊಸ ಬಾಯಿ ಬೇಕು" ಅಂದ್ರು. ಇದುವರೆಗೆ ಎಲ್ಲೂ ಅಚ್ಚಾಗದವರು ಮಾತ್ರ ಬರೆಯಬೇಕು, ಅಂತ ನೋಟೀಸಲ್ಲಿ ಮೊಳೆ ಜೋಡಿಸ್ದೆ. ಅದು ನಂಗೇ ಬರ್ದಂಗಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ತಾಲ್ಲೂಕಿನ ಬಸ್ ಕಂಡಕ್ಟರ್‌ಗಳ ಕೈಲಿ ಆ ನೋಟೀಸ್ ಹೋಯ್ತು. ನಾಲ್ಕು ತಾಲ್ಲೂಕಲ್ಲೂ ಅದನ್ನ ಮೊದಲು ಓದಿದೋನು ನಾನು.

ಎರಡನೇದಾಗಿ ಓದಿದೋನು ಚೆಲುವ.

ಚೆಲುವ ನನ್ನ ಗೆಳೆಯ. ಪಿರಿಯಾಪಟ್ಟಣದೋನು, ಹುಣಸೂರಲ್ಲಿ ಬಟ್ಟೆ ಅಂಗಡೀಲಿ ಕೆಲಸ. ಇಬ್ರೂ ಒಂದೇ ರೂಮಲ್ಲಿದ್ವಿ. ಒಂದು ಪುಸ್ತಕ ನೆಟ್ಟಗೆ ಓದಿದೋನಲ್ಲ. ಸೀರೆ ಬಿಚ್ಚಿ ತೋರಿಸ್ತಾ ಹೆಂಗಸರನ್ನ ನಗಿಸೋದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ನಾನು ಹುಮ್ಮಸ್ಸು ತಡೀಲಾರದೆ ನೋಟೀಸಿನ ಪ್ರೂಫ್ ತಗೊಂಡ್ಹೋಗಿ ಅವನಿಗೆ ತೋರಿಸ್ದೆ.

"ನಾನೂ ಒಂದ್ ಬರೀಲೇನ್ಲಾ ನಿಂಗ?" ಅಂದ.

"ಬರಿ ಬರಿ. ಸೀರೆ ಮಡಿಸ್ದಂಗೆ ಅಲ್ಲ ಕಣ್ಲಾ ಅದು" ಅಂದೆ.

"ಸೀರೆ ಮಡಿಸ್ ನೋಡು ಒಂದ್ಸಲ, ಗೊತ್ತಾಯ್ತದೆ" ಅಂದ್ಬುಟ್ಟು ಮಗ್ಗುಲಾದ.

ನಾನು ತಿಂಗಳುಗಟ್ಟಲೆ ಬರ್ದೆ, ಹರ್ದೆ, ಮತ್ತೆ ಬರ್ದೆ. ಚೆಲುವ ಒಂದು ಭಾನುವಾರ ಅಂಗಡಿಗೆ ರಜಾ ಇದ್ದಾಗ ಹೊಟ್ಟೆ ಅಡಿ ಮಾಡ್ಕೊಂಡು ಮಲಗಿ, ಸೀರೆ ಸುತ್ತೋ ಕಾಗದದ ಹಿಂದೆ ಗೀಚ್ದ. ಮಧ್ಯೆ ಎದ್ದು ಹೋಗಿ ಬೋಂಡ ತಿಂದು ಬಂದ. ಸಾಯಂಕಾಲಕ್ಕೆ ಮುಗೀತು ಅಂದ.

ಕತೆಗಳು ಬಂದು ಸೇರಿದ ಮೇಲೆ ಆರಿಸೋರು ಯಾರು ಅನ್ನೋ ಪ್ರಶ್ನೆ ಬಂತು. ಮೇಷ್ಟ್ರುಗಳನ್ನ ಕರೆಯೋಣ ಅಂದ್ರು ನಮ್ಮ ಪ್ರೆಸ್ಸಿನ ಯಜಮಾನ್ರು. ಗೌಡ್ರು ಕೇಳ್ಲಿಲ್ಲ. "ಅವ್ವನ ನಾಲಿಗೆ ರುಚಿ ಗೊತ್ತಿರೋದು ನಮ್ಮ ಚಿಕ್ಕವ್ವಂಗೆ" ಅಂದ್ರು. ಚಿಕ್ಕವ್ವ ಅಂದ್ರೆ ಚಿಕ್ಕತಾಯವ್ವನ ತಂಗಿ, ದ್ಯಾವಜ್ಜಿ. ಅಜ್ಜಿಗೂ ಓದೋಕೆ ಬರಲ್ಲ. ಯಾರಾದ್ರೂ ಓದಿ ಹೇಳ್ಬೇಕು. ಎಲ್ಲರ ಕೈಬರಹನೂ ತಡವರಿಸದೆ ಓದೋನು ಕಂಪೋಸಿಟರ್ ಅಲ್ದೆ ಇನ್ಯಾರು? ನನ್ನನ್ನ ಕರೆದ್ರು.

ನಾನು ಮೊದಲೇ ಹೇಳ್ದೆ, "ಗೌಡ್ರೇ, ಇದ್ರಲ್ಲಿ ಒಂದು ನಂದು. ಇನ್ನೊಂದು ನನ್ನ ರೂಮಿನೋನ್ದು. ನಾನು ಓದೋದು ಸರಿ ಬರಲ್ಲ."

ಗೌಡ್ರು ನಕ್ರು. "ಓದೋ ಬಾಯಿ ನಿಂದು, ಕೇಳೋ ಕಿವಿ ಚಿಕ್ಕವ್ವಂದು. ನಾನು ಕಿವಿ ನಂಬ್ಕೊಂಡಿವ್ನಿ. ಓದು."

ದ್ಯಾವಜ್ಜಿ ಜಗಲಿ ಮೇಲೆ ಕಾಲು ಚಾಚ್ಕೊಂಡು, ಎಲೆ ಅಡಿಕೆ ಕುಟ್ತಾ ಕೂತಿತ್ತು. ಅಜ್ಜಿ ಪರೀಕ್ಷೆ ಬಹಳ ಸಲೀಸು. ಕತೆ ನಡುವೆ ಕೈ ಎತ್ತಿ, ಮುಂದೆ ಏನಾಗ್ತದೆ ಅಂತ ತಾನೇ ಹೇಳೋದು. ಹೇಳಿದ್ದು ಸರಿಯಾದ್ರೆ ಆ ಕತೆ ಹಳೇದು, ಪಕ್ಕಕ್ಕಿಡು. ತಪ್ಪಾದ್ರೆ ಮುಂದಕ್ಕೆ ಓದು. ಅಕ್ಕ ತಂಗಿ ಇಬ್ರೂ ಬಳೆಗಾರರನ್ನ ಹಿಂಗೇ ಸೋಲಿಸ್ತಿದ್ರಂತೆ.

ಕತೆ ಮೇಲೆ ಕತೆ ಬಿದ್ದೋದ್ವು. ಅರ್ಧ ಪುಟ ದಾಟಿದ್ದೇ ಕಡಿಮೆ. ನನ್ನ ಕತೆ ಬಂತು. ಗಂಟಲು ಸರಿ ಮಾಡ್ಕೊಂಡು ಶುರು ಮಾಡ್ದೆ. ತಾಯಿ ಸತ್ತ ಹುಡುಗಿ, ಮನೆಗೆ ಮಲತಾಯಿ ಬರ್ತಾಳೆ.

ಅಜ್ಜಿ ಕೈ ಎತ್ತಿತು. "ಈಗ ಅನ್ನಕ್ಕೆ ವಿಸ ಆಕ್ತಾಳೆ."

ಹಾಕಿದ್ಲು.

"ಆ ಅನ್ನವ ಅವಳ ಸ್ವಂತ ಮಗನೇ ಬಂದು ಉಣ್ತಾನೆ."

ಉಂಡಿದ್ದ. ಅದನ್ನ ಬರೆಯೋಕೆ ನಾನು ಒಂದು ವಾರ ಒದ್ದಾಡಿದ್ದೆ.

"ಕೊನೇಲಿ ಓಗಿ ಕೆರೆಗೆ ಬೀಳ್ತಾಳೆ. ಯಾವ್ ಕೆರೆ ಅಂತ ಮಾತ್ರ ನಂಗೊತ್ತಿಲ್ಲ ಮಗಾ. ಅದೊಂದ್ ಓದ್ಬುಡು" ಅಂತು.

ಗೌಡ್ರು ಮೀಸೆ ಮೇಲೆ ಕೈ ಇಟ್ಟು ನಗು ತಡ್ಕೊಂಡ್ರು. ನನ್ನ ಕಿವಿ ಎಲ್ಲ ಬಿಸಿ. ಕಾಗದ ಮಡಿಚಿ ಜೇಬಿಗಿಟ್ಟೆ. ಮುಂದಿನ ಕತೆ ತೆಗೆದ್ರೆ, ಸೀರೆ ಸುತ್ತೋ ಕಾಗದ.

ಕೆಟ್ಟದಾಗಿ ಓದಿ ಸೋಲಿಸ್ದ ಅಂತ ನಾಳೆ ಚೆಲುವ ಅನ್ಬಾರ್ದು. ಅದಕ್ಕೇ ನಂದನ್ನ ಓದಿದ್ದಕ್ಕಿಂತ ಚೆನ್ನಾಗೇ ಓದ್ದೆ. ಅವನ ಕತೆ ಹಿಂಗದೆ. ಒಂದು ಮನೇಲಿ ಅತ್ತೆ ಸೊಸೆಗೆ ಮಾತಿಲ್ಲ. ಆದ್ರೆ ಸಂಸಾರ ನಡೀಬೇಕಲ್ಲ? ಅದಕ್ಕೆ ಇಬ್ರೂ ಕೊಟ್ಟಿಗೇಲಿರೋ ಎಮ್ಮೆಗೆ ಹೇಳ್ತಾರೆ. "ಎಮ್ಮೇ, ಸಾರಿಗೆ ಉಪ್ಪು ಜಾಸ್ತಿಯಾಗದೆ ಅಂತ ಹೇಳು." "ಎಮ್ಮೇ, ನಾಲಿಗೆ ಸತ್ತೋರಿಗೆ ಹಂಗೇ ಇರ್ತದೆ ಅಂತ ಹೇಳು." ವರ್ಷಗಟ್ಟಲೆ ಹಿಂಗೇ. ಒಂದು ದಿನ ಮನೆ ಗಂಡಸು ಎಮ್ಮೇನ ಕೆ.ಆರ್. ನಗರದ ಕಡೆಯ ಒಬ್ರಿಗೆ ಮಾರ್ಬುಡ್ತಾನೆ.

ಅಜ್ಜಿ ಕೈ ಎತ್ತಿತು. ಕುಟ್ಟಾಣಿ ನಿಂತಿತ್ತು. "ಇನ್ನೇನು, ಎಮ್ಮೆ ಓಯ್ತು. ಈಗ ಒಬ್ರಿಗೊಬ್ರು ಮಾತಾಡ್ತಾರೆ."

"ಇಲ್ಲ ಅಜ್ಜಿ" ಅಂದೆ.

"ಮಾತಾಡಲ್ವಾ?"

"ಇಲ್ಲ. ಪ್ರತಿ ಭಾನುವಾರ ಇಬ್ರೂ ಜೊತೇಲಿ ಕೆ.ಆರ್. ನಗರದ ದಾರೀಲಿ ನಡ್ಕೊಂಡು ಹೋಗ್ತಾರೆ. ದಾರಿ ಉದ್ದಕ್ಕೂ ಒಂದು ಮಾತಿಲ್ಲ. ಅಲ್ಲಿ ಹೋಗಿ, ಕೊಂಡ್ಕೊಂಡೋರ ಕೊಟ್ಟಿಗೇಲಿ ನಿಂತ್ಕೊಂಡು, ವಾರದ ಮಾತನ್ನೆಲ್ಲ ಎಮ್ಮೆಗೆ ಹೇಳಿ ಬರ್ತಾರೆ."

ಅಜ್ಜಿ ನಕ್ಕಿದ್ದು ನೋಡ್ಬೇಕಿತ್ತು. ಎಲೆ ಅಡಿಕೆ ನೆತ್ತಿಗೆ ಹತ್ತಿ, ಗೌಡ್ರು ಬೆನ್ನು ತಟ್ಬೇಕಾಯ್ತು. ಆಮೇಲೆ ಕೊನೆ ಓದ್ದೆ. ಅತ್ತೆ ಸತ್ತೋಗ್ತಾಳೆ. ಮುಂದಿನ ಭಾನುವಾರ ಸೊಸೆ ಒಬ್ಳೇ ಅಷ್ಟು ದೂರ ನಡೀತಾಳೆ, ಎಮ್ಮೆಗೆ ಸುದ್ದಿ ಹೇಳೋಕೆ. ಕೊಟ್ಟಿಗೆ ಬಾಗಿಲಲ್ಲಿ ನಿಂತ್ಕೊಳ್ತಾಳೆ. ಕತೆ ಮುಗೀತು.

ಅಜ್ಜಿ ಸೆರಗಲ್ಲಿ ಕಣ್ಣು ಒರೆಸ್ಕೊಳ್ತು. "ಇದೇ. ಅಕ್ಕ ಇದ್ದಿದ್ರೆ ಇವತ್ತು ಇವನಿಗೆ ಕೋಳಿ ಕುಯ್ಯೋಳು" ಅಂತು.

ನಂಗೆ ಆದದ್ದನ್ನ ಹೆಂಗೆ ಹೇಳ್ಲಿ? ಹೊಟ್ಟೆ ಒಳಗೆ ಯಾರೋ ಒಲೆ ಹಚ್ಚಿದಂಗಾಯ್ತು. ಗೆದ್ದ ಅಂತ ಅಲ್ಲ. ಚೆನ್ನಾಗಿದೆ ಅಂತ. ಅದೂ ನನ್ನ ಬಾಯಿಂದ ಗೆದ್ದು ಕೂತ್ಕೊಳ್ತಲ್ಲ, ಬೋಂಡ ತಿನ್ಕೊಂಡು ಬರ್ದಿದ್ದು!

ರೂಮಿಗೆ ಬಂದು ಹೇಳಿದ್ರೆ ಚೆಲುವ, "ಹೌದಾ? ನಂಗೆ ಕೊನೆ ನೆನಪೇ ಇಲ್ಲ ಕಣ್ಲಾ, ಏನ್ ಬರ್ದಿದ್ದೆ?" ಅಂದ. ಆ ಗಳಿಗೇಲಿ ಅವನನ್ನ ಕಿಟಕಿಯಿಂದ ಆಚೆಗೆ ಎಸೀಬೇಕು ಅನ್ನಿಸ್ತು.

ಆಮೇಲೆ ಬಂತು ನೋಡಿ ಶಿಕ್ಷೆ. ಆ ಕತೆಗೆ ಮೊಳೆ ಜೋಡಿಸೋನು ನಾನೇ. ಓದಿದ್ರೆ ಒಂದು ಸಲ ಉರೀತದೆ. ಜೋಡಿಸಿದ್ರೆ ಅಕ್ಷರ ಅಕ್ಷರಕ್ಕೂ ಉರೀತದೆ. ನಮ್ಮದು ಸಣ್ಣ ಪ್ರೆಸ್ಸು, ಮೊಳೆ ಕಮ್ಮಿ. ಸಾಲು ಸಾಲಿಗೂ ಎಮ್ಮೆ ಎಮ್ಮೆ ಅಂತ ಬಂದು ಮಕಾರದ ಒತ್ತು ಮುಗಿದೇ ಹೋಯ್ತು. ಒಂದೆರಡು ಪುಟ ಜೋಡಿಸೋದು, ಅಚ್ಚು ಮಾಡೋದು, ಬಿಚ್ಚಿ ಮತ್ತೆ ಅದೇ ಒತ್ತುಗಳನ್ನ ತಗೊಂಡು ಮುಂದಿನ ಎಮ್ಮೆ ಕಟ್ಟೋದು. "ಏನ್ಲಾ ನಿಂಗ, ದನದ ಸಂತೆ ಮುಗೀಲಿಲ್ವಾ?" ಅಂತ ಕಾಲಲ್ಲಿ ಅಚ್ಚಿನ ಮಿಷಿನ್ ತುಳಿಯೋನು ದಿನಾ ಕೇಳೋನು. ನಾನು ಹಲ್ಲು ಕಚ್ಕೊಂಡು ತಪ್ಪು ಹುಡುಕ್ದೆ. ಒಂದು ಮಾತಾದ್ರೂ ಹೆಚ್ಚಾಗಿರ್ಬೇಕು, ಒಂದು ಸಾಲಾದ್ರೂ ಸುಳ್ಳಾಗಿರ್ಬೇಕು. ಮನಸ್ಸಲ್ಲೇ ಒಂದು ಮಾತು ಕಿತ್ತು ನೋಡ್ದೆ. ಸಾಲು ಕುಂಟ್ತು. ವಾಪಸ್ ಇಟ್ಟೆ, ನೆಟ್ಟಗೆ ನಡೀತು. ಹಾಳಾದೋನು ಎಲ್ಲಿ ಕಲ್ತ ಇದನ್ನ? ಸೀರೆ ಮಡಿಸೋ ಕಡೆನಾ? ಕವರಿಗೆ ಅವನ ಹೆಸರು ಜೋಡಿಸ್ದೆ. ದಪ್ಪ ಮೊಳೇಲಿ.

ಪಕ್ಷದ ಹಬ್ಬ ಬಂತು. ಪುಸ್ತಕದ ಕಟ್ಟು ಹೊತ್ಕೊಂಡು ಚೆಲುವನ ಜೊತೆ ನಾನೂ ಗೌಡ್ರ ಮನೆಗೆ ಹೋದೆ. ನಡುಮನೇಲಿ ಮಣೆ ಮೇಲೆ ಹೊಸ ಸೀರೆ, ಬಳೆ. ಮುಂದೆ ಬಾಳೆಲೆ ತುಂಬ ಎಡೆ. ಕೋಳಿ ಸಾರಿನ ವಾಸನೆಗೆ ಜನ ಎಲ್ಲ ಅಂಗಳದಲ್ಲಿ ಹಸ್ಕೊಂಡು ಕೂತಿದ್ರು. ಗೌಡ್ರು ಕೈಮುಗಿದು, "ಬಾಪ್ಪ, ಒಳಕ್ಕೋಗಿ ಕೂತ್ಕೊ, ಬಾಗ್ಲು ಹಾಕ್ತೀವಿ" ಅಂದ್ರು.

ಚೆಲುವ ಹೊಸ್ತಿಲ ಹತ್ರ ನಿಂತ. ಸೀರೆ ಮಡಿಸೋ ಕೈಲಿ ನನ್ನ ಅಂಗಿ ಹಿಡ್ಕೊಂಡ.

"ನಿಂಗ, ನನ್ ಕೈಲಾಗಲ್ಲ ಕಣ್ಲಾ" ಅಂತ ಪಿಸುಗುಟ್ದ. "ಸತ್ತೋರ್ ಜೊತೇಲಿ ಒಬ್ನೇ ಕೂರೋದಾ? ಬಾಗ್ಲು ಬೇರೆ ಹಾಕ್ಬುಟ್ಟು?"

"ಬರೆಯೋವಾಗ ಗೊತ್ತಿರ್ಲಿಲ್ವಾ?"

"ನಾನೆಲ್ಲಿ ಗೆಲ್ತೀನಿ ಅಂತ ಅಂದ್ಕೊಂಡಿದ್ದೆ!"

ಅಂಗಳದಲ್ಲಿದ್ದ ಹೆಂಗಸರು ಬಾಯಿ ಮುಚ್ಕೊಂಡು ನಗೋಕೆ ಶುರು ಮಾಡಿದ್ರು. ದ್ಯಾವಜ್ಜಿ ಗೋಡೆ ಹಿಡ್ಕೊಂಡು ಎದ್ದು ಬಂತು. "ನಾನು ಕೇಳಿದ್ದು ಈ ಮಗನ ಬಾಯಲ್ಲಿ. ಅಕ್ಕನೂ ಈ ಬಾಯಲ್ಲೇ ಕೇಳ್ಲಿ. ನಡಿಯಪ್ಪ" ಅಂತ ನನ್ನನ್ನೇ ಒಳಕ್ಕೆ ತಳ್ತು. ಬಾಗಿಲು ಬಿತ್ತು.

ಒಳಗೆ ನಾನು, ದೀಪ, ಎಡೆ. ಕೈಲಿ ಚೆಲುವನ ಪುಸ್ತಕ. ಜೇಬಲ್ಲಿ ನನ್ನ ಕತೆ. ಹೌದು, ಅವತ್ತೂ ಜೇಬಲ್ಲೇ ಇತ್ತು. ಯಾಕೆ ಇಟ್ಕೊಂಡು ಹೋಗಿದ್ದೆ ಅಂದ್ರೆ ನಂಗೇ ಗೊತ್ತಿಲ್ಲ. ಬಾಗಿಲು ದಪ್ಪ. ಮೆಲ್ಲಗೆ ಓದಿದ್ರೆ ಆಚೆಯೋರಿಗೆ ಯಾವ ಕತೆ ಅಂತ ಗೊತ್ತಾಗಲ್ಲ. ಎಡೆ ಮುಂದೆ ನಂದೇ ಕತೆ ಇಟ್ಟಂಗಾಗ್ತದೆ. ಕೈ ಜೇಬಿನ ತನಕ ಹೋಯ್ತು. ಅಲ್ಲೇ ನಿಂತ್ಕೊಳ್ತು. ನಾನೇನು ದೊಡ್ಡ ಧರ್ಮರಾಯ ಅಂತ ಅಲ್ಲ. ಮಲತಾಯಿ ಬಂದ್ಲು ಅಂತ ಓದಿದ ಕೂಡ್ಲೆ, ಆ ಮಣೆ ಕಡೆಯಿಂದ "ಈಗ ವಿಸ ಆಕ್ತಾಳೆ" ಅಂತ ಕೇಳ್ಬುಡ್ತದೇನೋ ಅಂತ ಭಯ. ಒಂದೇ ಮನೇಲಿ ಅಕ್ಕ ತಂಗಿ ಇಬ್ರ ಕೈಲೂ ಸೋಲೋಕೆ ನಾನು ತಯಾರಿರ್ಲಿಲ್ಲ.

ಪುಸ್ತಕ ಬಿಚ್ದೆ. ಗಟ್ಟಿಯಾಗೇ ಓದ್ದೆ. ಉಪ್ಪಿನ ಮಾತು ಬಂದಾಗ ಬಾಗಿಲ ಆಚೆ ಕಿಸಕ್ ಅಂತು. ಜನ ಬಾಗಿಲಿಗೆ ಕಿವಿ ಕೊಟ್ಟು ನಿಂತವ್ರೆ! ಕೆ.ಆರ್. ನಗರದ ದಾರಿ ಬರೋ ಹೊತ್ಗೆ ಅಂಗಳವೇ ನಗ್ತಿತ್ತು. ಕೊನೆ ಓದಿದ್ಮೇಲೆ ಒಂದು ಕೂಸು ಅಳೋದು ಮಾತ್ರ ಕೇಳಿಸ್ತು.

ಮುಗೀತು. ಆದ್ರೂ ಯಾರೂ ಬಾಗಿಲು ತಟ್ಲಿಲ್ಲ. ಅವ್ವ ನಿಧಾನಕ್ಕೆ ಉಣ್ಲಿ ಅಂತ ಬಿಟ್ಟಿದ್ರೋ ಏನೋ. ಆ ಸೀರೆ ನೋಡ್ತಾ ನೋಡ್ತಾ ನಂಗೆ ತಡೀಲಾಗ್ಲಿಲ್ಲ, ಆಚೆ ಜನ ಇರೋದೂ ಮರ್ತು ಬಾಯಿ ಬಿಟ್ಬುಟ್ಟೆ.

"ಅವ್ವ, ಚೆನ್ನಾಗಿತ್ತಲ್ವಾ? ಅದೇ ನನ್ನ ಸಂಕಟ. ನಾನು ಊಟ ಬಿಟ್ಟು ಬರ್ದೆ, ಅವನು ಬೋಂಡ ತಿಂದು ಬರ್ದ. ಒಂದೊಂದು ಅಕ್ಷರನೂ ಈ ಕೈಲಿ ಜೋಡಿಸಿವ್ನಿ, ಒಂದೂ ನಂದಲ್ಲ. ಅವನು ಮಲಗಿದಾಗ ಮುಖ ನೋಡ್ತೀನಿ, ಇವನ ತಲೇಲಿ ಎಮ್ಮೆ ಹೆಂಗ್ ಬಂತು, ನನ್ನ ತಲೇಲಿ ಯಾಕ್ ಬರ್ಲಿಲ್ಲ ಅಂತ. ಅವನು ನನ್ನ ಗೆಳೆಯ ಕಣವ್ವ. ಅವನ ಕತೆ ಕದ್ದು ಎಲ್ಲಾದ್ರೂ ಓಡೋಗ್ಲಾ ಅನ್ಸ್ತದೆ. ಇನ್ನೊಂದು ಸಲ ಓದ್ಲಾ ಅಂತಾನೂ ಅನ್ಸ್ತದೆ. ಹೊಟ್ಟೆ ಉರೀತಾ ಅದೆ, ಆದ್ರೂ ಅದನ್ನೇ ಓದ್ಬೇಕು ಅನ್ಸ್ತದೆ. ಇದೆಂಥ ರೋಗ ಅವ್ವ?"

ಟಕ ಟಕ ಅಂತ ಬಾಗಿಲು ತಟ್ಟಿ ತೆಗೆದ್ರು. ಮೊದಲು ಕಂಡಿದ್ದು ಚೆಲುವ. ಎಲ್ಲ ಕೇಳಿಸ್ಕೊಂಡಿದ್ದ. ಅವನ ಹಿಂದೆ ಊರೇ ಕೇಳಿಸ್ಕೊಂಡಿತ್ತು. ಭೂಮಿ ಬಾಯಿ ಬಿಟ್ರೆ ಸಾಕು ಅಂತ ನಾನು ತಲೆ ತಗ್ಗಿಸ್ದೆ.

ಚೆಲುವ ಪಕ್ಕಕ್ಕೆ ಬಂದು, "ಥೂ, ಮಲಗಿದ್ದಾಗೆಲ್ಲ ಮುಖ ನೋಡ್ತೀಯೇನ್ಲಾ? ಇವತ್ತಿಂದ ಗೋಡೆ ಕಡೆ ತಿರುಗಿ ಮಲಗ್ತೀನಿ" ಅಂದ. ಎಲ್ಲಾರೂ ಗೊಳ್ಳಂತ ನಕ್ರು. ಊಟಕ್ಕೆ ಕೂತಾಗ ಅವನ ಎಲೇಲಿದ್ದ ಕಜ್ಜಾಯ ತೆಗ್ದು ನನ್ನ ಎಲೆಗೆ ಹಾಕ್ದ. ನಾನು ತಿಂದೆ. ಉರಿ ಏನೂ ಕಮ್ಮಿ ಆಗ್ಲಿಲ್ಲ.

ಕೈ ತೊಳೆಯೋವಾಗ ಗೌಡ್ರು ಪಕ್ಕಕ್ಕೆ ಕರೆದ್ರು. ಬೈತಾರೆ ಅಂದ್ಕೊಂಡೆ.

"ಮಲತಾಯಿ ಕತೆ ಥರದವು ಬೇಕಾದಷ್ಟು ಓದ್ದಲ್ಲ ಚಿಕ್ಕವ್ವಂಗೆ. ಅವುಗಳಿಗೂ ಹೊಟ್ಟೆ ಉರೀತಾ?"

"ಇಲ್ಲ ಗೌಡ್ರೇ. ಈ ಒಂದಕ್ಕೇ."

ಅವ್ರು ಮೀಸೆ ಸವರ್ಕೊಂಡ್ರು. "ಚಿಕ್ಕವ್ವನ ಕಿವಿ ಮಂದ ಆಗ್ತಾ ಬಂತು. ಮುಂದಿನ ವರ್ಷಕ್ಕೆ ಏನು ಮಾಡೋದು ಅಂತ ಯೋಚ್ನೆ ಮಾಡ್ತಿದ್ದೆ. ಯೋಚ್ನೆ ತಪ್ತು ಬುಡು."

ಹಂಗೆ ಶುರುವಾಯ್ತು ಈ ಕೆಲಸ. ಮುಂದಿನ ವರ್ಷದಿಂದ ನಾಲ್ಕು ತಾಲ್ಲೂಕಿನ ಕತೆಗಳೂ ನನ್ನ ಹತ್ರನೇ ಬತ್ತವೆ. ಗೌಡ್ರು ಹೆಂಗದೆ ಅಂತ ಕೇಳಲ್ಲ, ನೀತಿ ಏನು ಅಂತ ಕೇಳಲ್ಲ. "ಯಾವುದಕ್ಕೆ ಉರೀತು?" ಅಂತ ಕೇಳ್ತಾರೆ, ಅಷ್ಟೇ. ಉರಿದಿದ್ದನ್ನ ಕೊಡ್ತೀನಿ. ಇದುವರೆಗೆ ಅಂಗಳದಲ್ಲಿ ಯಾರೂ ಆಕಳಿಸಿಲ್ಲ. ಚೆಲುವ ಮಾತ್ರ ಆಮೇಲೆ ಒಂದು ಸಾಲೂ ಬರ್ದಿಲ್ಲ. "ಇದ್ದಿದ್ದೊಂದೆಮ್ಮೆ, ಕೊಟ್ಬುಟ್ನಲ್ಲ" ಅಂತಾನೆ, ಸೀರೆ ಮಡಿಸ್ತಾ. ಅವನ ಆ ನೆಮ್ಮದಿಗೂ ನಂಗೆ ಹೊಟ್ಟೆಕಿಚ್ಚೇ.

ಮೊಳೆ ಜೋಡಿಸೋ ಕೆಲಸ ನಂಗೆ ಕಲಿಸಿದ್ದು ಇದು. ಇನ್ನೊಬ್ಬರ ಬರವಣಿಗೆ ನೋಡಿ ಹೊಟ್ಟೆ ಉರಿದ್ರೆ ನಾಚ್ಕೊಂಡು ಮುಚ್ಚಿಡಬಾರ್ದು. ಆ ಉರಿ ಸುಳ್ಳು ಹೇಳಲ್ಲ. ಅದು ಎಲ್ಲಿ ಹತ್ಕೊಳ್ತದೋ ಅಲ್ಲಿ ಒಬ್ಬ ಹೊಸಬ ಹುಟ್ಟವ್ನೆ ಅಂತ ಅರ್ಥ. ಅವನ ಹೆಸರನ್ನ ದಪ್ಪ ಮೊಳೇಲಿ ಜೋಡಿಸಿ, ಹಲ್ಲು ಕಚ್ಕೊಂಡಾದ್ರೂ ಸರಿ.

ಈ ವರ್ಷ ಎಚ್.ಡಿ. ಕೋಟೆ ಕಡೆಯಿಂದ ಒಬ್ಬ ಹೆಣ್ಣುಮಗಳು ಕಳಿಸವ್ಳೆ. ಓದಿ ಎರಡು ಹೊತ್ತು ಊಟ ಸೇರ್ಲಿಲ್ಲ. ಗೌಡ್ರು ಬಂದಾಗ ಅದನ್ನ ಕೈಗಿಟ್ಟೆ. ಅವ್ರು ನನ್ನ ಮುಖ ನೋಡಿ, "ಓಹೋ, ಈ ಸಲ ಜೋರಾಗೇ ಹತ್ಕೊಂಡದೆ" ಅಂದ್ರು. ಆಮೇಲೆ ಮೆಲ್ಲಗೆ ಕೇಳಿದ್ರು, "ನಿಂದೂ ಒಂದು ಇಟ್ಟಿರ್ತೀಯಲ್ಲ, ಓದ್ದೇನು?"

"ಓದ್ದೆ ಗೌಡ್ರೇ. ಹೊಟ್ಟೆ ತಣ್ಣಗೇ ಅದೆ."

"ಇರ್ಲಿ ಬುಡು, ಬರಿ" ಅಂದ್ರು. "ಅವ್ವ ಎಲ್ಗೂ ಓಗಾಕಿಲ್ಲ."